ಬಸ್ಸಿನ ಕಿಡಕ್ಯಾಗಿನ ಪ್ಯಾರಿಸ್

ಹ್ವಾದ ವರ್ಷ ಮೇ ತಿಂಗಳದಾಗ ನಾನು, ನಮ್ಮ ಮನಿಯವ್ರು, ನಮ್ಮಪ್ಪಾರು ಮೂರೂ ಮಂದಿ ಯುರೋಪ್ ಟೂರಿಗೆ ಹೋಗಿ ಬಂದ್ವಿ. "ಏನೇನು ನೋಡಿದ್ರಿ?" ಅಂತ ಓಣ್ಯಾಗ ಯಾರರ ಕೇಳಿದ್ರ ಫೋನ್ ತಗದು ಫೋಟೋ ತೋರಿಸ್ತಿದ್ದೆ. ತೋರಿಸಿ ತೋರಿಸಿ ಈಗ ನನಗ ಸಿಟ್ಟು ಬರಾಕ ಹತ್ತೇತಿ. ಅರ್ಧಾ ಫೋಟೋದಾಗ ಬಸ್ಸಿನ ಕಾಜಿನ ಮ್ಯಾಲೆ ನನ್ನ ಮಾರಿನ ಕಾಣ್ತೈತಿ. ಪ್ಯಾರಿಸ್ ಅದರ ಹಿಂದ ಮಸುಕ ಮಸುಕ.

ಅಪ್ಪಾರು ಹೈಸ್ಕೂಲಿನ್ಯಾಗ ಇತಿಹಾಸದ ಮಾಸ್ತರು. 32 ವರ್ಷ ಕಲಿಸ್ಯಾರ. ವರ್ಷಾ ಫ್ರಾನ್ಸಿನ ಕ್ರಾಂತಿ ಪಾಠ ಬಂದ ಕೂಡ್ಲೆ ಬೋರ್ಡಿನ ಮ್ಯಾಲೆ ಬಾಸ್ಟಿಲ್ ಕೋಟೆ ಬರೀತಿದ್ರಂತ. ಟೂರ್ ಆಫೀಸಿನ್ಯಾಗ ಅವರು ಕೇಳಿದ್ದು ಒಂದ ಮಾತು: "ಬಾಸ್ಟಿಲ್ ಇದ್ದ ಜಾಗಾ ತೋರಸ್ತೀರೇನ್ರಿ? ಕೋಟಿ ಈಗ ಇಲ್ಲಂತ ಗೊತ್ತೈತಿ, ಜಾಗಾ ಸಾಕು." ಟೇಬಲ್ಲಿನ ಆಕಡೆ ಕುಂತ ಹುಡುಗ ನಕ್ಕೋಂತ, "ಪ್ಯಾರಿಸ್ ಪೂರಾ ಕವರ್ ಆಗ್ತೈತ್ರಿ ಸರ್" ಅಂದ. ಕವರ್ ಅಂದ್ರ ಮುಚ್ಚೋದು ಅಂತನೂ ಅರ್ಥ ಐತಿ ಅನ್ನೋದು ನಮಗ ಅವತ್ತ ಹೊಳೀಲಿಲ್ಲ.

ಆ ಒಂದು ದಿನದ ಲೆಕ್ಕ ಕೇಳ್ರಿ. ಮುಂಜಾನೆ ಎಂಟೂವರಿಗೆ ಊರ ಹೊರಗಿನ ಹೋಟೆಲಿಂದ ಬಸ್ ಬಿಟ್ತು. ಹೊತ್ತಾತು ಅಂತ ಗೈಡ್ ಮೈಕಿನ್ಯಾಗ ಓಡಸಾಕ ಹತ್ತಿದ: ಎಡಕ್ಕ ಇದು, ಬಲಕ್ಕ ಅದು. ಕಾಂಕಾರ್ಡ್ ಚೌಕಕ್ಕ ಬಂದ್ವಿ. "ಎಡಕ್ಕ ನೋಡ್ರಿ, ಈಜಿಪ್ಟಿನಿಂದ ತಂದ ಕಂಬ" ಅಂದ. ಅಷ್ಟ. ಅದ ಚೌಕದಾಗ 1793ರ ಜನವರಿ 21ಕ್ಕ 16ನೇ ಲೂಯಿ ರಾಜನ ತಲಿ ಹಾರಿಸಿದ್ರು. ಅದ ವರ್ಷ ಅಕ್ಟೋಬರದಾಗ ರಾಣಿದೂ ಹಾರಿಸಿದ್ರು. ಬಲಕ್ಕ ಕುಂತಿದ್ದ ಅಪ್ಪಾರು ನೋಡಬೇಕಂತ ಎದ್ದು ನಿಂತ್ರ, "ಅಂಕಲ್, ಕುಂತ್ಕೊಳ್ರಿ, ಬೆಲ್ಟ್ ಹಾಕ್ಕೊಳ್ರಿ" ಅಂತ ಬೈಸಿಕೊಂಡ್ರು. ಅವರು ಕುಂತು ಬೆಲ್ಟ್ ಹಾಕೋದ್ರಾಗ ಚೌಕ ದಾಟಿತ್ತು.

ಆಮ್ಯಾಲೆ ಬಸ್ ನಿಂತದ್ದು ಎಲ್ಲಿ ಅಂತೀರಿ? ಅತ್ತರಿನ ಅಂಗಡಿ ಮುಂದ. ಹೆಸರಿಗೆ ಮ್ಯೂಸಿಯಂ. ಹಳೇ ತಾಮ್ರದ ಪಾತ್ರಿ ತೋರಿಸೋದು ಹತ್ತು ಮಿನಿಟು, ಬಾಟ್ಲಿ ಮಾರೋದು ಒಂದು ತಾಸು. ನಾನೇನು ಕಡಿಮಿ ಇಲ್ಲ, ನಾದಿನಿಗೆ ಅಂತ ಎರಡು ಬಾಟ್ಲಿ ತಗೊಂಡೆ. ಅಪ್ಪಾರು ಹೊರಗ ಕಟ್ಟಿ ಮ್ಯಾಲೆ ಕುಂತಿದ್ರು. ಹೋಗಿ ಗೈಡಿಗೆ ಕೇಳಿದೆ: "ಬಾಸ್ಟಿಲ್ ಯಾವಾಗ್ರಿ?" ಅವ ಗಡಿಯಾರ ನೋಡಿ, "ಮೇಡಂ, ಅದು ಇಟಿನರರಿದಾಗ ಇಲ್ಲ. ಡ್ರೈವರನ ಟೈಮ್ ಮುಗೀತೈತಿ" ಅಂದ.

ಡ್ರೈವರನ ಮಾತು ಖರೆ ಐತಿ. ಅಲ್ಲಿ ಕಾಯ್ದೆ ಭಾಳ ಬಿಗಿ. ನಾಲ್ಕೂವರಿ ತಾಸು ಗಾಡಿ ಹೊಡದ್ರ 45 ಮಿನಿಟು ಬಿಡುವು ಕೊಡಬೇಕು, ರಾತ್ರಿ ಸಾಮಾನ್ಯ 11 ತಾಸು ವಿಶ್ರಾಂತಿ. ನಮ್ಮ ಕಡೆ ರಾತ್ರಿ ಬಸ್ ಹೊಡಿಯೋರಿಗೂ ಇಂಥಾದ್ದು ಖರೇವಂದ್ರೂ ಸಿಗಬೇಕು ಅನ್ನಾಕಿ ನಾನು. ಆದ್ರ ಹೊತ್ತು ಕಡಿಮಿ ಅಂದ್ಮ್ಯಾಲೆ ಅದರಾಗ ಏನು ಬಿಡಬೇಕು, ಏನು ಇಡಬೇಕು ಅಂತ ತೀರ್ಮಾನ ಮಾಡಿದವ್ರು ಡ್ರೈವರ್ ಅಲ್ಲಲ್ರಿ? ಡ್ರೈವರನ ಹೆಸರಿಗೆ ಚೌಕ ಬಿಟ್ರು, ಅಂಗಡಿ ಬಿಡಲಿಲ್ಲ. ಗಿರಾಕಿ ತಂದವ್ರಿಗೆ ಅಂಗಡಿಯವ್ರು ಪಾಲು ಕೊಡೋ ರೂಢಿ ಈ ಧಂದೆದಾಗ ಹಳೇದು.

ಇನ್ನೊಂದು ಲೆಕ್ಕ. ಕಾಂಕಾರ್ಡಿನಿಂದ ಬಾಸ್ಟಿಲಿಗೆ ಮೆಟ್ರೋ ಸೀದಾ ಐತಿ. ಒಂದನೇ ನಂಬರಿನ ಗಾಡಿ, ಏಳನೇ ಸ್ಟೇಷನ್ನಿಗೆ ಇಳಿಯೋದು. ಅಲ್ಲೇ ಐದನೇ ನಂಬರಿನ ಪ್ಲಾಟ್‌ಫಾರ್ಮಿನ್ಯಾಗ ಕೋಟಿ ಬುನಾದಿದು ಒಂದಿಷ್ಟು ಕಲ್ಲು ಇನ್ನೂ ಅದಾವು. ಅಂಗಡ್ಯಾಗ ಕಳದ ಹೊತ್ತಿನ್ಯಾಗ ಮುದುಕರನ್ನ ಕೈ ಹಿಡಕೊಂಡು ಹೋಗಿ, ಕಲ್ಲು ಮುಟ್ಟಿಸಿ, ತಿರುಗಿ ಕರಕೊಂಡು ಬರಬಹುದಿತ್ತು.

"ಹಂಗಾರ ನೀವ ಸ್ವಂತ ಹೋಗಬೇಕಿತ್ತು, ಗ್ರೂಪ್ ಟೂರ್ ಯಾಕ?" ಅಂತಾರ ಮಂದಿ. ಯಾಕಂದ್ರ ಅಪ್ಪಾರಿಗೆ 71 ವರ್ಷ. ಮೊಣಕಾಲು ನೋವು. ವೀಸಾ ಕಾಗದ, ಪರಭಾಷಾ, ತಪ್ಪಲಪಲ್ಯಾ ತಿನ್ನೋರಿಗೆ ಊಟ, ಇವನ್ನೆಲ್ಲಾ ಯಾರರ ನೋಡ್ಕೋಬೇಕು. ಟೂರಿನವ್ರು ಅದನ್ನ ಚೊಲೋ ನೋಡ್ಕೊಂಡ್ರು, ಸುಳ್ಳ್ಯಾಕ ಹೇಳ್ಲಿ. ಪ್ಯಾರಿಸಿನ್ಯಾಗ ಬಿಸಿ ಬ್ಯಾಳಿಸಾರು, ಅನ್ನ ಹಾಕಿದ್ರು. ಸ್ವಂತ ಹೋಗಾಕ ಆಗಲಾರದವ್ರ ಇವರನ್ನ ನಂಬಿ ಬರ್ತಾರ. ಅದಕ್ಕ ಅವರ ಮುಂದ "ಕವರ್" ಅನ್ನೋ ಮಾತು ಆಡಬಾರದು. ಕಾಲು ಗಟ್ಟಿ ಇದ್ದವ್ರು ಇನ್ನೊಮ್ಮೆ ಹೋಗ್ತಾರ. ನಮ್ಮಪ್ಪಾರು ಹೋಗಾಂಗಿಲ್ಲ.

"38 ಮಂದ್ಯಾಗ ಎಲ್ಲಾರಿಗೂ ಬಾಸ್ಟಿಲ್ ಬೇಕಾಗಿರಲಿಲ್ಲ" ಅಂತನೂ ಅಂತಾರ. ಒಪ್ಪಿದೆ. ಒಬ್ಬಾಕಿಗೆ ಬರೇ ಕೆಫೆದಾಗ ಕುಂತು ಚಾ ಕುಡಿಯೋದಿತ್ತು, ಒಬ್ಬರಿಗೆ ಲೂವ್ರ್ ಒಳಗ ಹೋಗೋದಿತ್ತು. ಅದಕ್ಕ ಕೇಳ್ತೀನಿ, ದಿನದಾಗ ಎರಡು ತಾಸು ಎಲ್ಲಾರನ್ನೂ ನಡುಊರಾಗ ಇಳಿಸಿ, ಇಷ್ಟೊತ್ತಿಗೆ ಇಲ್ಲೇ ಬರ್ರಿ ಅಂದ್ರ ಏನು ಗಂಟು ಹೋಗ್ತೈತಿ? 38 ಮಂದಿಗೆ 38 ಪ್ಯಾರಿಸ್ ಸಿಗ್ತಿತ್ತು.

ನಮ್ಮ ತಪ್ಪೂ ಐತ್ರಿ. ಟೂರ್ ಆಫೀಸಿಗೆ ಹೋದ್ರ ನಾವು ಮೊದಲು ಕೇಳೋದು ಊಟ, ಎರಡನೇದು ಎಷ್ಟು ದೇಶ. ಹತ್ತು ದಿನದಾಗ ಆರು ದೇಶ ಅಂದ್ರ ಖುಷಿಪಡ್ತೀವಿ. ಸೀರಿ ಅಂಗಡ್ಯಾಗ ಸೆರಗು ಬಿಚ್ಚಿ ತೋರಿಸು ಅನ್ನೋ ನಾವು, ಲಕ್ಷಗಟ್ಟಲೆ ರೊಕ್ಕ ಕೊಡೋ ಮುಂದ ಬಸ್ಸಿನಿಂದ ಇಳಸ್ತೀರೋ ಇಲ್ಲೋ ಅಂತ ಕೇಳಾಂಗಿಲ್ಲ. ಅದಕ್ಕ ನೀವು ಕಾಗದದ ಮ್ಯಾಲೆ ಬರಸ್ಕೊಳ್ರಿ. "ಪ್ಯಾನೊರಮಿಕ್" ಅಂದ್ರ ಬಸ್ಸಿನ್ಯಾಗ ಕುಂತು ನೋಡೋದು. "ಫೋಟೋ ಸ್ಟಾಪ್" ಅಂದ್ರ ಇಳದು ಹತ್ತೋದು. "ಎಂಟ್ರಿ" ಅಂತ ಬರದಿದ್ರ ಅಷ್ಟ ಒಳಗ ಬಿಡ್ತಾರ. ಒಂದೊಂದು ಜಾಗಾದಾಗ ಎಷ್ಟು ಮಿನಿಟು, ಅಂಗಡಿಗೆ ಎಷ್ಟು ಮಿನಿಟು, ಎರಡೂ ಕೇಳ್ರಿ.

ಅವತ್ತ ಮಧ್ಯಾಹ್ನ ಐಫೆಲ್ ಟವರಿನ ಎರಡನೇ ಅಂತಸ್ತಿಗೆ ಹತ್ತಿದ್ವಿ. ಬಾಜೂಕಿನ ಹುಡುಗೂರಿಗೆ ಅಪ್ಪಾರು ಹೇಳಾಕ ಹತ್ತಿದ್ರು, ಕ್ರಾಂತಿಗೆ ನೂರು ವರ್ಷ ತುಂಬಿತಂತ 1889ರಾಗ ದೊಡ್ಡ ಪ್ರದರ್ಶನ ಮಾಡಿದ್ರು, ಅದಕ್ಕಂತ ಕಟ್ಟಿದ್ದಿದು ಅಂತ. ಹುಡುಗೂರು ಕಣ್ಣು ಬಿಟ್ಟು ಕೇಳಿದ್ವು. ಅಷ್ಟೊತ್ತಿಗೆ ಗೈಡ್ ಬಾವುಟ ಎತ್ತಿದ. ಸಂಜಿಮುಂದ ಸೇನ್ ಹೊಳ್ಯಾಗ ಬೋಟು. ಹಿಂದಿ ಹಾಡಿಗೆ ನಮ್ಮ ಮಂದಿ ಕುಣಿಯೋ ಗದ್ಲದಾಗ ಬೋಟಿನವ್ರು ಹೇಳಿದ್ದು ಒಂದೂ ಕೇಳಿಸಲಿಲ್ಲ.

ಮನಿಗೆ ಬಂದ ಮ್ಯಾಲೆ ಓದೂ ಮುಂದ ನನಗ ಗೊತ್ತಾತು. ಕಾಂಕಾರ್ಡ್ ಚೌಕದ ಮುಂದಿನ ಸೇತುವೆ 1791ಕ್ಕ ಮುಗದದ್ದು. ಅದಕ್ಕ ಹಾಕಿದ ಕಲ್ಲಿನ್ಯಾಗ ಒಡದ ಬಾಸ್ಟಿಲ್ ಕೋಟಿ ಕಲ್ಲೂ ಅದಾವು. ನಮ್ಮ ಬೋಟು ಹೋಗ್ತಾ ಬರ್ತಾ ಎರಡು ಸಲ ಅದರ ಕೆಳಗ ಹಾದಿತ್ತು. ಒಂದು ಮಾತು, ಒಂದ ಒಂದು ಮಾತು, "ಮ್ಯಾಲೆ ನೋಡ್ರಿ" ಅಂದಿದ್ರ ಸಾಕಿತ್ತು.

ಅಪ್ಪಾರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನೋಡೀನಿ ಬಿಡವಾ" ಅಂದ್ರು.

ಅವರು ಬಿಟ್ರು. ನಾ ಬಿಡಾಂಗಿಲ್ಲ. ಮುಂದಿನ ವಾರ ನಮ್ಮ ಓಣಿ ಇಬ್ಬರು ಅದ ಆಫೀಸಿಗೆ ಹೊಂಟಾರ. ಅವರ ಜೋಡಿ ನಾನೂ ಹೋಗಿ ಕುಂದ್ರಾಕಿ ಇದ್ದೀನಿ.