ಮೋಟಾರು ವಿಚಾರ: ದೋಷವು ಕ್ಲಚ್ಚಿನದೋ, ಎಂಜಿನಿನದೋ?

ನಮ್ಮ ಮನೆಯ ಅಂಬಾಸಿಡರ್ ಗಾಡಿಯು ತೀರ್ಥರೂಪರವರ ಕಾಲದ್ದು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಈ ಗಾಡಿಗಳ ತಯಾರಿಕೆಯು 2014ರಲ್ಲಿಯೇ ನಿಂತುಹೋದುದರಿಂದ, ಇದ್ದುದನ್ನು ಜೋಪಾನಮಾಡಿಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ. ಕಳೆದ ಬೇಸಗೆಯಲ್ಲಿ ಮಾತೃಶ್ರೀಯವರನ್ನು ಕುಳ್ಳಿರಿಸಿಕೊಂಡು ಆಗುಂಬೆಯ ಘಟ್ಟವನ್ನು ಹತ್ತುತ್ತಿರುವಾಗ ಎಂಜಿನು ಭೋರ್ಗರೆಯಿತು. ಗಾಡಿ ಮಾತ್ರ ಮುಂದಕ್ಕೆ ಸರಿಯಲೊಲ್ಲದು. ಸುಟ್ಟ ವಾಸನೆಯೂ ಹೊಡೆಯಿತು. ಚಕ್ರಗಳಿಗೆ ಕಲ್ಲುಕೊಟ್ಟು ನಿಲ್ಲಿಸುವಷ್ಟರಲ್ಲಿ ನನ್ನ ಕೈಕಾಲು ನಡುಗಿದ್ದವು.

ಮರುದಿನ ಮಿಸ್ತ್ರಿಯೊಬ್ಬರು, ಎಂಜಿನಿನ ಶಕ್ತಿ ಉಡುಗಿದೆ, ಬಿಚ್ಚಿ ಬೋರು ಮಾಡಿಸಬೇಕೆಂದು ತೀರ್ಪುಕೊಟ್ಟರು. ಅಷ್ಟು ಹಣ ತೆರುವುದಕ್ಕಿಂತ ಗಾಡಿಯನ್ನು ಗುಜರಿಗೆ ಹಾಕುವುದೇ ಲೇಸೆಂದು ಮನೆಯಲ್ಲಿ ಮಾತು ನಡೆಯಿತು.

ಆದರೆ ವಾಚಕರು ವಿಚಾರಮಾಡಿ ನೋಡಬೇಕು. ಶಕ್ತಿಗುಂದಿದ ಎಂಜಿನು ಏರಿನಲ್ಲಿ ಭೋರ್ಗರೆಯಲಾರದು. ಗಾಡಿಯ ವೇಗದೊಡನೆ ಅದರ ವೇಗವೂ ಇಳಿಯುವುದು. ಎಂಜಿನಿನ ವೇಗವೇರಿಯೂ ಗಾಡಿಯ ವೇಗವೇರದಿದ್ದರೆ, ನಡುವೆ ಹಿಡಿಯಬೇಕಾದ ಕ್ಲಚ್ಚು ಜಾರುತ್ತಿದೆಯೆಂದೇ ತಿಳಿಯತಕ್ಕದ್ದು. ಇದಕ್ಕೊಂದು ಪರೀಕ್ಷೆಯುಂಟು. ಮಟ್ಟಸವಾದ ಬಯಲಿನಲ್ಲಿ, ಹಿಂದೆಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಚಕ್ರಗಳಿಗೆ ಕಲ್ಲುಕೊಟ್ಟು, ಕೈಬ್ರೇಕನ್ನು ಬಿಗಿಯಾಗಿ ಎಳೆದು, ನಾಲ್ಕನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಎಂಜಿನು ಒಡನೆಯೇ ನಿಂತರೆ ಕ್ಲಚ್ಚು ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೆರಡು ಕ್ಷಣಗಳಿಗಿಂತ ಹೆಚ್ಚು ಹೊತ್ತು ಮಾಡಕೂಡದು, ಪ್ಲೇಟು ಸುಟ್ಟೀತು.

ನಮ್ಮ ಎಂಜಿನು ನಿಲ್ಲಲಿಲ್ಲ. ಪೆಡಲಿನ ಮೇಲುಭಾಗದಲ್ಲಿ ಸ್ವಲ್ಪವೂ ಸಡಿಲವಿಲ್ಲದಿದ್ದರೆ ಕ್ಲಚ್ಚು ಸದಾ ಅರೆ ಒತ್ತಿದಂತಿದ್ದು ಜಾರುವುದುಂಟು. ಅದನ್ನು ಸರಿಪಡಿಸಿದರೆ ಸಾಕಾಗಬಹುದು. ನಮ್ಮದರಲ್ಲಿ ಸಡಿಲವು ಸರಿಯಾಗಿಯೇ ಇದ್ದಿತು. ಬಿಚ್ಚಿ ನೋಡಲಾಗಿ, ಎಂಜಿನಿನ ಹಿಂಭಾಗದಿಂದ ಸೋರಿದ ಎಣ್ಣೆಯು ಪ್ಲೇಟಿನ ಮೇಲೆ ಹರಡಿದ್ದಿತು. ಸೋರಿಕೆಯನ್ನು ತಡೆಯದೆ ಪ್ಲೇಟನ್ನಷ್ಟೇ ಬದಲಾಯಿಸಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತಿದ್ದಿತು. ಎರಡನ್ನೂ ಮಾಡಿಸಿದೆವು, ಬೋರಿನ ಮಾತು ಅಲ್ಲಿಗೇ ನಿಂತಿತು.

ಪೆಡಲನ್ನು ಪೂರ್ತಿ ಒತ್ತಿದರೂ ಗೇರು ಕರಕರನೆ ಸದ್ದುಮಾಡಿದರೆ ದೋಷವು ಇದಕ್ಕೆ ವಿರುದ್ಧವಾದುದು: ಕ್ಲಚ್ಚು ಬಿಡುತ್ತಿಲ್ಲ. ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗನ್ನು ಸಂಶಯಿಸಬೇಕು.

ಎಂಜಿನೇ ಸವೆದಿದ್ದರೆ ಹೊಗೆಯು ಹೇಳುವುದು. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಕಪ್ಪೆಂದರೆ ಪೆಟ್ರೋಲು ಅತಿಯಾಗಿದೆ, ಗಾಳಿಯ ಶೋಧಕವು ಕಟ್ಟಿಕೊಂಡಿರಲೂಬಹುದು. ಎಂಜಿನು ಕಾದ ಮೇಲೆಯೂ ಬಿಳಿಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಕಡಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ನೋಡಿಸತಕ್ಕದ್ದು. ಬೋರು ಮಾಡಿಸಬೇಕೆಂದು ಯಾರಾದರೂ ಹೇಳಿದರೆ, ಮೊದಲು ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿರಿ. ಒತ್ತಡ ಕಡಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡವೇರಿದರೆ ರಿಂಗುಗಳು ಸವೆದಿವೆ. ಏರದಿದ್ದರೆ ಬಹುಮಟ್ಟಿಗೆ ವಾಲ್ವುಗಳದೇ ದೋಷ, ಅದಕ್ಕೆ ಬೋರಿನ ಖರ್ಚು ಬೇಕಿಲ್ಲ.

ಮಾತೃಶ್ರೀಯವರು ಮಳೆಗಾಲ ಕಳೆದ ಮೇಲೆ ಮತ್ತೆ ಅದೇ ಘಟ್ಟವನ್ನು ಹತ್ತಿದರು. ಈ ಸಲ ನಿದ್ದೆಮಾಡಿಕೊಂಡು.