ಕಾವಿಗೆ ಕೂರುವ ಹೇಂಟೆ ನಿಮ್ಮೂರಲ್ಲಿ ಉಳಿದಿದೆಯೇ?

ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಡಿಗ್ರಿಯಲ್ಲಿ ಜೊತೆಗೆ ಓದಿದ ಗೆಳತಿ ಸಿಕ್ಕಳು. ಅವಳ ಕೈಯಲ್ಲಿ ಪಿಡಿಒ ಪರೀಕ್ಷೆಯ ಗೈಡ್, ನನ್ನ ಕೈಯಲ್ಲಿ ಹಳೆ ಸೀರೆಯ ತುಂಡು ಮುಚ್ಚಿದ ಬುಟ್ಟಿ. ಮಾತಿನ ಮಧ್ಯೆ ಬುಟ್ಟಿಯೊಳಗಿನ ಹುಂಜ ಜೋರಾಗಿ ಕೂಗಿತು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. "ಬಿಎಸ್ಸಿ ಮಾಡಿ ಕೋಳಿ ಹೊತ್ಕೊಂಡು ತಿರುಗ್ತಿದ್ದೀಯೇನೇ?" ಎಂದು ಅವಳು ನಕ್ಕಳು. ನಮ್ಮ ಹುಂಜವನ್ನು ಸಂಡೂರು ಕಡೆಯ ಒಂದು ತಾಂಡಾದಲ್ಲಿ ಬಿಟ್ಟು, ಅಲ್ಲಿನ ಹುಂಜವನ್ನು ಬದಲಿಗೆ ತರುತ್ತಿದ್ದೇನೆ ಎಂದೆ. ನಗು ಇನ್ನೂ ಹೆಚ್ಚಾಯಿತು. ಅಷ್ಟರಲ್ಲಿ ಅವಳ ಬಸ್ ಬಂತು. ಅವಳಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಂಪ್ಲಿ ಪಕ್ಕದ ಹಳ್ಳಿ. ಕಾಲುವೆ ನೀರು, ಭತ್ತದ ಗದ್ದೆ. ಅಜ್ಜಿ ಇದ್ದಾಗ ಮನೆಯಲ್ಲಿ ಹತ್ತು ಹನ್ನೆರಡು ಜವಾರಿ ಕೋಳಿ ಯಾವಾಗಲೂ ಇರುತ್ತಿದ್ದವು. ಅವಕ್ಕೆ ಪ್ರತ್ಯೇಕ ಶೆಡ್ ಇರಲಿಲ್ಲ. ರಾತ್ರಿ ಬುಟ್ಟಿ ಕವುಚಿಡುವುದು, ಬೆಳಿಗ್ಗೆ ಒಂದು ಹಿಡಿ ನುಚ್ಚು ಚೆಲ್ಲುವುದು, ಅಷ್ಟೇ ಖರ್ಚು. ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಕೂಡ ಅಜ್ಜಿಯ ಸೆರಗಿನ ಗಂಟಿನಿಂದಲೇ ಬಂದದ್ದು. ಆ ಗಂಟಿನಲ್ಲಿ ಇರುತ್ತಿದ್ದುದು ಕೋಳಿ ಮಾರಿದ ದುಡ್ಡು.

ಆ ಕೋಳಿಗಳನ್ನು ಹಾಳು ಮಾಡಿದವಳು ನಾನೇ.

2020ರ ಕೊನೆಯಲ್ಲಿ ಒಂದು ಸುದ್ದಿ ಎಲ್ಲರ ಮೊಬೈಲ್‌ನಲ್ಲಿ ಓಡಾಡಿತು. ಮಹೇಂದ್ರ ಸಿಂಗ್ ಧೋನಿ ತಮ್ಮ ರಾಂಚಿಯ ತೋಟಕ್ಕೆ ಮಧ್ಯಪ್ರದೇಶದ ಝಾಬುವಾದಿಂದ 2,000 ಕಡಕ್‌ನಾಥ್ ಮರಿಗಳಿಗೆ ಆರ್ಡರ್ ಕೊಟ್ಟಿದ್ದಾರೆ ಎಂದು. ಮಾಂಸ, ಚರ್ಮ, ಮೂಳೆಯವರೆಗೂ ಕಪ್ಪಾಗಿರುವ ಕೋಳಿ ಅದು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದ ನನ್ನಂಥವರಿಗೆ ಅದು ನೌಕರಿಯ ಆದೇಶಪತ್ರದ ಹಾಗೆ ಕಂಡಿತು. 2021ರ ಜನವರಿಯಲ್ಲಿ ಧೋನಿಗೆ ಮರಿ ಕೊಡಬೇಕಿದ್ದ ಝಾಬುವಾದ ಫಾರ್ಮ್‌ಗೇ ಹಕ್ಕಿಜ್ವರ ಬಂದ ಸುದ್ದಿಯೂ ಬಂತು. ಅದನ್ನು ನಾನು ಓದಲಿಲ್ಲ. ಮರುಖರೀದಿಯ ಭರವಸೆ ನಂಬಿ ಸಾಂಗ್ಲಿ, ಕೊಲ್ಹಾಪುರ ಕಡೆಯ ರೈತರು ಕಡಕ್‌ನಾಥ್ ಸಾಕಿ ಮೋಸಹೋದ ಪ್ರಕರಣ 2019ರಲ್ಲೇ ಹೊರಬಂದಿತ್ತು. ಅದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇಕಾದ ಸುದ್ದಿಯನ್ನಷ್ಟೇ ಓದುವುದರಲ್ಲಿ ನಾವು ಪದವೀಧರರು ಬಹಳ ಜಾಣರು.

ಅಪ್ಪನ ಒಂದು ಬೆಳೆಯ ಭತ್ತದ ದುಡ್ಡಿನಲ್ಲಿ 200 ಮರಿ ತಂದೆ. "ಐದು ತಿಂಗಳಿಗೆ ನಾವೇ ಬಂದು ಎತ್ತುತ್ತೇವೆ" ಎಂದಿದ್ದ ಏಜೆಂಟ್. ರಾಣಿಖೇತ್, ನಮ್ಮ ಕಡೆ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದು ಬಂದು ಎಪ್ಪತ್ತಕ್ಕೂ ಹೆಚ್ಚು ಮರಿ ಸತ್ತವು. ಲಸಿಕೆಯನ್ನು ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕಬೇಕೆಂದು ನನಗೆ ತಿಳಿದದ್ದು ಅವು ಸತ್ತ ಮೇಲೆ. ಐದನೇ ತಿಂಗಳಿಗೆ ಏಜೆಂಟ್ ಫೋನ್ ಸ್ವಿಚ್ ಆಫ್. ಉಳಿದವನ್ನು ಸಂತೆಗೆ ಒಯ್ದರೆ, "ಇದೇನವ್ವಾ, ಸುಟ್ಟ ಕೋಳಿ ಇದ್ದಂಗೈತೆ" ಎಂದರು.

ದುಡ್ಡು ಹೋದದ್ದನ್ನು ಅಪ್ಪ ಎರಡು ವರ್ಷದಲ್ಲಿ ಮರೆತರು, ಅಥವಾ ಮರೆತಂತೆ ಇದ್ದಾರೆ. ಇನ್ನೊಂದು ನಷ್ಟ ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಕಡಕ್‌ನಾಥ್ ಹುಂಜಗಳು ಅಜ್ಜಿಯ ಹೇಂಟೆಗಳ ಜೊತೆ ಬೆರೆತಿದ್ದವು. ಕಪ್ಪು ಬಣ್ಣ ಮುಂದಿನ ಪೀಳಿಗೆಗೆ ಗಟ್ಟಿಯಾಗಿ ಇಳಿಯುವ ಗುಣ. ಹಾಗಾಗಿ ಮಿಶ್ರ ಮರಿಗಳಲ್ಲೂ ಕೆಲವು ಕಪ್ಪಗೇ ಕಂಡವು. ಕಡಕ್‌ನಾಥ್ ಎಂದು ಮಾರಲು ಮನಸ್ಸು ಒಪ್ಪಲಿಲ್ಲ, ಜವಾರಿ ಎಂದರೆ ಜನ ಒಪ್ಪಲಿಲ್ಲ. ಆ ಮರಿಗಳೇ ಬೆಳೆದು ಹೇಂಟೆಯಾದವು, ಮೊಟ್ಟೆಯನ್ನೂ ಇಟ್ಟವು. ಆದರೆ ಒಂದೂ ಕಾವಿಗೆ ಕೂರಲಿಲ್ಲ. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. "ಮೊಟ್ಟೆ ಎಲ್ಲಾ ಕೋಳೀನೂ ಇಡ್ತಾವೆ. ಕಾವು ಕೂರೋದನ್ನ ಇಟ್ಕೋಬೇಕು, ಹುಚ್ಚಿ" ಎಂದಳು. ಬೈಗುಳವಲ್ಲ, ಸುಮ್ಮನೆ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಇದರಲ್ಲಿ ಕಡಕ್‌ನಾಥ್ ತಪ್ಪೇನೂ ಇಲ್ಲ. ಝಾಬುವಾದ ಭಿಲ್, ಭಿಲಾಲ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೋಳಿ ಅದು. ಅದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ ಅವರು ಬಿಡದೆ ಸಾಕಿದ್ದರಿಂದ. ಅಲ್ಲಿ ಅದು ಅವರ ಅಜ್ಜಿಯ ಕೋಳಿ. ನಾನು ಮಾಡಿದ್ದು ಬೇರೆಯವರ ಅಜ್ಜಿಯ ಕೋಳಿ ತಂದು ನನ್ನ ಅಜ್ಜಿಯದನ್ನು ಕಳೆದುಕೊಂಡದ್ದು.

ಕಾವು ಕೂರುವುದೆಂದರೆ ಏನೆಂದು ನಗರದಲ್ಲಿ ಓದುವ ಗೆಳೆಯರಿಗೆ ಹೇಳಿಬಿಡುತ್ತೇನೆ. ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸಿ, 21 ದಿನ ಮೊಟ್ಟೆಗಳ ಮೇಲೆ ಕೂರುತ್ತದೆ. ದಿನಕ್ಕೊಮ್ಮೆ ಇಳಿದು, ಗಬಗಬ ತಿಂದು, ನೀರು ಕುಡಿದು ಮತ್ತೆ ಹತ್ತುತ್ತದೆ. ಮೊಟ್ಟೆಗಳನ್ನು ಕೊಕ್ಕಿನಿಂದ ತಾನೇ ಹೊರಳಿಸುತ್ತದೆ. ಮರಿಯಾದ ಮೇಲೆ ತಿಂಗಳುಗಟ್ಟಲೆ ಅವಕ್ಕೆ ಕೆದರುವುದು, ಹದ್ದು ಬಂದರೆ ಅಡಗುವುದು ಕಲಿಸುತ್ತದೆ. ಕರೆಂಟ್ ಬೇಡ, 37.5 ಡಿಗ್ರಿ ಸೆಲ್ಸಿಯಸ್ ತೋರಿಸುವ ಯಂತ್ರವೂ ಬೇಡ. ಮೊಟ್ಟೆ ಉದ್ಯಮಕ್ಕೆ ಮಾತ್ರ ಇದೇ ನಷ್ಟದ ಗುಣ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ. ಹಾಗಾಗಿ ಫಾರ್ಮ್ ತಳಿಗಳಲ್ಲಿ ಆ ಗುಣವನ್ನು ಆರಿಸಿ ಆರಿಸಿ ತೆಗೆದಿದ್ದಾರೆ. ಜವಾರಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು, ಲೇಯರ್ ಕೋಳಿ 300 ದಾಟುತ್ತದೆ.

"ಹಾಗಾದರೆ ಹೆಚ್ಚು ಮೊಟ್ಟೆ ಇಡುವುದನ್ನೇ ಸಾಕಬಾರದೇ?" ಎಂದು ಕೇಳುವವರಿದ್ದಾರೆ. ಸಾಕಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳಿಂದ ಎಷ್ಟೋ ಮನೆಗಳಿಗೆ ಅನುಕೂಲವಾಗಿದೆ. ಆದರೆ ಅವುಗಳ ಮರಿಯನ್ನು ಪ್ರತಿ ಸಲ ಕೊಂಡೇ ತರಬೇಕು. ಗದ್ದೆ ಇಲ್ಲದ, ಕೈಯಲ್ಲಿ ದುಡ್ಡಿಲ್ಲದ ಹೆಂಗಸಿಗೆ ಎರಡು ಜವಾರಿ ಹೇಂಟೆ ಇದ್ದರೆ ಆರು ತಿಂಗಳಲ್ಲಿ ಅವೇ ಹತ್ತಾಗುತ್ತವೆ. ಅವಳಿಗೆ ಅದು ಬಡ್ಡಿಯಿಲ್ಲದ ಬ್ಯಾಂಕು. ಕಾವಿಗೆ ಕೂರುವ ಗುಣ ಹೋದರೆ ಆ ಬ್ಯಾಂಕು ಮುಚ್ಚಿದಂತೆ. ಈಗ ನಮ್ಮ ಸಂತೆಗಳಲ್ಲಿ "ನಾಟಿ" ಎಂದು ಬುಟ್ಟಿಯಲ್ಲಿ ಮಾರುವ ಮರಿಗಳಲ್ಲಿ ಬಹುಪಾಲು ಬಣ್ಣದ ಫಾರ್ಮ್ ಮರಿಗಳು. ನಾಟಿ ರೇಟು ಕೊಡುತ್ತೇವೆ, ನಾಟಿ ಎಂದುಕೊಂಡು ಸಾಕುತ್ತೇವೆ, ಅದು ಊರಿನ ಕೋಳಿಗಳ ಜೊತೆ ಬೆರೆಯುತ್ತದೆ. ನಮ್ಮ ಮನೆಯಲ್ಲಿ ಒಂದೇ ವರ್ಷದಲ್ಲಿ ಆದದ್ದು ಊರುಗಳಲ್ಲಿ ನಿಧಾನವಾಗಿ ಆಗುತ್ತಿದೆ.

ಹಂಪಿಯ ನೆರಳಿನಲ್ಲೇ ಇದು ಆಗುತ್ತಿರುವುದು ನನಗೆ ವಿಚಿತ್ರವೆನಿಸುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಕೋಳಿಯ ದರವನ್ನೂ ಬರೆದಿಟ್ಟಿದ್ದಾನೆ. ಸಣ್ಣ ನಾಣ್ಯವೊಂದಕ್ಕೆ ನಗರದೊಳಗೆ ಮೂರು ಕೋಳಿ, ಹೊರಗೆ ನಾಲ್ಕು. (ಹಳ್ಳಿಯಲ್ಲಿ ಅಗ್ಗ, ಪೇಟೆಯಲ್ಲಿ ದುಬಾರಿ. 500 ವರ್ಷದಲ್ಲಿ ಅದೊಂದು ಬದಲಾಗಿಲ್ಲ.) ಆ ಬಜಾರಿನ ಕಲ್ಲಿನ ಸಾಲುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆ ಬಜಾರಿಗೆ ಬರುತ್ತಿದ್ದ ಕೋಳಿಯ ಸಂತತಿ ಸುತ್ತಲಿನ ಹಳ್ಳಿಗಳಲ್ಲಿ ಉಳಿದಿದ್ದರೂ ಯಾವ ಪಟ್ಟಿಯಲ್ಲೂ ಇಲ್ಲ.

ಪಟ್ಟಿ ಎಂದರೆ ನಿಜವಾಗಿಯೂ ಪಟ್ಟಿಯೊಂದಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶದ ಸ್ಥಳೀಯ ತಳಿಗಳನ್ನು ನೋಂದಾಯಿಸುತ್ತದೆ. ಕೋಳಿಗಳಲ್ಲಿ ಅಸೀಲ್, ಕಡಕ್‌ನಾಥ್ ಜೊತೆಗೆ ಘಾಗಸ್ ಎಂಬ ತಳಿ ಆಂಧ್ರ ಮತ್ತು ಕರ್ನಾಟಕದ ಹೆಸರಿನಲ್ಲಿದೆ. ಕಂದು ಮೈಯ, ಹುಂಜಕ್ಕೆ ಚಿನ್ನದ ಬಣ್ಣದ ಕುತ್ತಿಗೆಯ ಕೋಳಿ. ಕೋಲಾರ, ಚಿತ್ತೂರು, ನಮ್ಮ ಬಳ್ಳಾರಿಗೆ ಅಂಟಿಕೊಂಡಿರುವ ಅನಂತಪುರ ಅದರ ನೆಲ. ಹೈದರಾಬಾದ್‌ನ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲಿ ಅದನ್ನು ಕಾಪಿಟ್ಟಿದ್ದಾರೆ. ಅಜ್ಜಿಯ ಕೋಳಿ ಘಾಗಸ್ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಹೆಸರೇ ಇಲ್ಲ, ಅದೇ ತೊಂದರೆ. ಮುಧೋಳದ ನಾಯಿಗೆ ಹೆಸರಿದೆ, ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಮಂಡ್ಯದ ಬಂಡೂರು ಕುರಿಗೂ ಹೆಸರಿದೆ. ಹೆಸರಿಲ್ಲದ್ದು ಕಳೆದುಹೋದರೆ ಕಳೆದದ್ದೂ ಗೊತ್ತಾಗುವುದಿಲ್ಲ.

ನನಗೆ ದಾರಿ ಸಿಕ್ಕಿದ್ದು ಬುಕ್ಕಸಾಗರದ ಚಿಕ್ಕಮ್ಮನ ಮನೆಯಲ್ಲಿ. ಅವರ ಮಗಳ ಬಾಣಂತನಕ್ಕೆಂದು ಅಜ್ಜಿ ಹಿಂದೆ ಕೋಳಿ ಕಳಿಸಿದ್ದಳಂತೆ. ಅದರಲ್ಲಿ ಒಂದನ್ನು ಕೊಯ್ಯದೆ ಉಳಿಸಿಕೊಂಡಿದ್ದರು. ಅದರ ಪೀಳಿಗೆ ಅಲ್ಲಿತ್ತು. ಎರಡು ಹೇಂಟೆ, ಒಂದು ಹುಂಜ ತಂದೆ. ಮಿಶ್ರ ಕೋಳಿಗಳನ್ನೆಲ್ಲ ಮೊದಲು ಮಾರಿ ಮುಗಿಸಿದೆ. ಈ ಸಲ ಶೆಡ್‌ಗೆ ಖರ್ಚು ಮಾಡಲಿಲ್ಲ, 200 ಪುಟದ ಒಂದು ನೋಟ್‌ಬುಕ್ ಕೊಂಡೆ. ಯಾವ ಹೇಂಟೆ ಯಾವತ್ತು ಕೂತಿತು, ಎಷ್ಟು ಮೊಟ್ಟೆ ಇಟ್ಟೆ, ಎಷ್ಟು ಮರಿಯಾದವು, ಎಷ್ಟು ಮೂರು ತಿಂಗಳು ದಾಟಿದವು, ಎಲ್ಲ ಅದರಲ್ಲಿದೆ. ತಾಯಿ ಯಾವುದೆಂದು ಗೊತ್ತಾಗಲು ಮರಿಗಳ ಕಾಲಿಗೆ ಬಣ್ಣದ ರಿಂಗ್. ಏಳನೇ ದಿನ ಮೊಬೈಲ್ ಟಾರ್ಚ್ ಹಿಡಿದು ಮೊಟ್ಟೆಯೊಳಗೆ ನರ ಕಾಣುತ್ತದೆಯೇ ನೋಡುತ್ತೇನೆ. ಲಸಿಕೆ ತಪ್ಪಿಸುವುದಿಲ್ಲ. ಚೆನ್ನಾಗಿ ಕೂತು ಮರಿ ಉಳಿಸಿದ ಹೇಂಟೆಯ ಮರಿಗಳನ್ನಷ್ಟೇ ಮುಂದಿನ ಪೀಳಿಗೆಗೆ ಇಟ್ಟುಕೊಳ್ಳುತ್ತೇನೆ, ಬಣ್ಣ ಚೆಂದವಿದೆ ಎಂದು ಇಟ್ಟುಕೊಳ್ಳುವುದಿಲ್ಲ. ಅಣ್ಣ ತಂಗಿಯರೇ ಬೆರೆತರೆ ಪೀಳಿಗೆ ಸೊರಗುತ್ತದೆ. ಅದಕ್ಕೇ ಊರೂರು ಅಲೆದು ಹುಂಜದ ಅದಲುಬದಲು. ಜೀವಶಾಸ್ತ್ರದಲ್ಲಿ ಮೆಂಡೆಲ್‌ನ ಬಟಾಣಿ ಓದಿ ಅಂಕ ತಗೊಂಡಿದ್ದೆ. ಅದು ಅರ್ಥವಾದದ್ದು ಈ ನೋಟ್‌ಬುಕ್‌ನಲ್ಲಿ.

ಕಳೆದ ವರ್ಷ ಐದು ಹೇಂಟೆಗಳು ಒಟ್ಟು 11 ಸಲ ಕೂತವು. 118 ಮೊಟ್ಟೆಗೆ 91 ಮರಿ, ಅದರಲ್ಲಿ ಮೂರು ತಿಂಗಳು ದಾಟಿದ್ದು 57. ಉಳಿದವು ಮುಂಗುಸಿ, ಹದ್ದು, ಮಳೆಗೆ ಹೋದವು. ಕೋಳಿ ಮಾರಿ 22,000 ರೂಪಾಯಿ ಬಂತು, ಕಾಳು, ಜಾಲರಿ, ಲಸಿಕೆ ಎಂದು 9,000 ಖರ್ಚು. ತಿಂಗಳಿಗೆ ಸಾವಿರ ಚಿಲ್ಲರೆ ಉಳಿದಂತಾಯಿತು. ಯೂಟ್ಯೂಬ್‌ನಲ್ಲಿ "ನಾಟಿ ಕೋಳಿ ಸಾಕಿ ತಿಂಗಳಿಗೆ ಲಕ್ಷ ಗಳಿಸಿ" ಎನ್ನುವವರು ಈ ಲೆಕ್ಕವನ್ನು ತೋರಿಸುವುದಿಲ್ಲ. ಆದ್ದರಿಂದ ಪರೀಕ್ಷೆಯ ಪುಸ್ತಕ ಮುಚ್ಚಿ ಕೋಳಿ ಸಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನೂ ಮುಚ್ಚಿಲ್ಲ.

ಆದರೆ ಐದು ಹೇಂಟೆ ಓದಿಗೆ ಅಡ್ಡಿ ಬರುವುದಿಲ್ಲ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 25 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಅದಕ್ಕೆ ಕನಿಷ್ಠ 1,000 ತಾಯಿಕೋಳಿಗಳಿರಬೇಕು. ಅಷ್ಟು ದೊಡ್ಡ ಘಟಕ ಕಟ್ಟುವವರು ಕಟ್ಟಲಿ. ಹಿತ್ತಲಿನಲ್ಲಿ ಹತ್ತು ಕೋಳಿಯ ಪೀಳಿಗೆ ಕಾಯುವವರಿಗೂ ಒಂದು ಸಣ್ಣ ಯೋಜನೆ ಇರಲಿ ಎಂಬುದು ನನ್ನ ಮಾತು. ಹಣ ಕೊಡದಿದ್ದರೂ ಕಾಲಿಗೆ ಹಾಕುವ ರಿಂಗ್, ಲಸಿಕೆ, ಒಂದು ದಾಖಲೆ ಪುಸ್ತಕ ಸಾಕು. ಹೊಸಪೇಟೆ, ಬಳ್ಳಾರಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವವರು ಪ್ರಾಜೆಕ್ಟ್ ವರದಿಯನ್ನು ಅಂತರ್ಜಾಲದಿಂದ ಇಳಿಸುವ ಬದಲು ತಮ್ಮೂರಿನ ಕೋಳಿಗಳನ್ನು ತೂಗಿ, ಅಳೆದು, ಫೋಟೊ ತೆಗೆದು ಬರೆಯಲಿ. ಯಾವ ತಳಿಯಾದರೂ ಪಟ್ಟಿಗೆ ಸೇರಬೇಕಾದರೆ ಅದರ ನೆಲ, ಲಕ್ಷಣ, ಸಂಖ್ಯೆ ಮೊದಲು ದಾಖಲಾಗಬೇಕು. ಆ ಕೆಲಸಕ್ಕೆ ನಮ್ಮಂಥವರ ಬಳಿ ಸಮಯವಂತೂ ಇದೆ.

ಅಜ್ಜಿ ಈಗಿಲ್ಲ. ಅವಳ ಬುಟ್ಟಿಯ ಕೆಳಗೆ ಕೆಂಪು ಹೇಂಟೆಯೊಂದು ಹನ್ನೊಂದು ಮೊಟ್ಟೆಗಳ ಮೇಲೆ ಕೂತಿದೆ, ಇಂದಿಗೆ ಹದಿನೆಂಟು ದಿನ. ಹತ್ತಿರ ಹೋದರೆ ರೆಕ್ಕೆ ಕೆದರಿ ಕುಕ್ಕಲು ಬರುತ್ತದೆ. ಸಂಡೂರಿನ ಹುಂಜ ಇನ್ನೂ ಅಂಗಳಕ್ಕೆ ಹೊಂದಿಕೊಂಡಿಲ್ಲ, ದಿನವಿಡೀ ಬೇಲಿಯ ಮೇಲೆ ಕೂತಿರುತ್ತದೆ. ಕಂಪ್ಲಿ, ಕುರುಗೋಡು, ಗಂಗಾವತಿ ಕಡೆ ಯಾರ ಮನೆಯಲ್ಲಾದರೂ ಹೊರಗಿನ ಮರಿ ಬೆರೆಯದ ಹಳೆಯ ಹುಂಜ ಇದ್ದರೆ, ಕೊಯ್ಯುವ ಮುನ್ನ ಒಮ್ಮೆ ನನ್ನನ್ನು ನೆನೆಯಿರಿ. ಬದಲಿಗೆ ಒಂದು ಹುಂಜ ಕೊಡುತ್ತೇನೆ, ಬುಟ್ಟಿ ನಾನೇ ಹೊತ್ತು ತರುತ್ತೇನೆ.