ಮಣ್ಣಿನ ಗಾಯಕ್ಕೆ ಅಣಬೆಯ ಮದ್ದು



ಮಳೆಗಾಲ ಬಂತೆಂದರೆ ಗೋವಾದ ವಾಳಪೈ ಸುತ್ತಲಿನ ಕಾಡುಗಳಲ್ಲಿ ಹುತ್ತಗಳ ಮೇಲೆ ಅಣಬೆ ಏಳುತ್ತದೆ. ಕೊಂಕಣಿಯವರು ‘ಅಳಮಿ’ ಎಂದು ಕರೆಯುವ ಇದರ ಸಾರು ಎಂದರೆ ಎಲ್ಲರಿಗೂ ಪ್ರೀತಿ. ನಾವು ತಿನ್ನುವುದು ಮೇಲೆ ಕಾಣುವ ಕೊಡೆಯನ್ನು ಮಾತ್ರ. ಅಣಬೆಯ ನಿಜವಾದ ಕೆಲಸ ನಡೆಯುವುದು ಒಳಗೆ, ನೂಲಿನಂಥ ಬಿಳಿ ಎಳೆಗಳಲ್ಲಿ.

ಕಾಡಿನಲ್ಲಿ ಬಿದ್ದ ಮರವನ್ನು ಮಣ್ಣಾಗಿಸುವುದು ಇಂಥ ಎಳೆಗಳೇ. ಮರಕ್ಕೆ ಗಟ್ಟಿತನ ಕೊಡುವ ‘ಲಿಗ್ನಿನ್’ ಎಂಬ ವಸ್ತುವನ್ನು ಕೆಲವು ಅಣಬೆಗಳು ತಮ್ಮ ಕಿಣ್ವಗಳಿಂದ ಒಡೆಯುತ್ತವೆ. ಅದೇ ಕಿಣ್ವಗಳು ಡೀಸೆಲ್ ಮತ್ತು ಎಣ್ಣೆಯ ಹಲವು ಅಂಶಗಳನ್ನೂ ಒಡೆಯಬಲ್ಲವು. ಭತ್ತದ ಹುಲ್ಲಿನ ಮೇಲೆ ನಮ್ಮ ರೈತರು ಬೆಳೆಸುವ ಚಿಪ್ಪು ಅಣಬೆಗೆ ಈ ಶಕ್ತಿ ಇದೆ.

1998ರ ಸುಮಾರಿಗೆ ಅಮೆರಿಕದ ಬೆಲಿಂಗ್‌ಹ್ಯಾಮ್‌ನಲ್ಲಿ ಅಣಬೆ ತಜ್ಞ ಪಾಲ್ ಸ್ಟ್ಯಾಮೆಟ್ಸ್ ಮತ್ತು ಬಟೆಲ್ ಸಂಸ್ಥೆಯ ವಿಜ್ಞಾನಿಗಳು ಡೀಸೆಲ್ ಹಿಡಿದ ಮಣ್ಣಿನ ರಾಶಿಗೆ ಈ ಅಣಬೆಯ ಬೀಜ ಬೆರೆಸಿದರು. ಕೆಲವೇ ವಾರಗಳಲ್ಲಿ ರಾಶಿಯ ತುಂಬ ಅಣಬೆ ಎದ್ದಿತು. ಅಣಬೆಗೆ ಹುಳುಗಳು ಬಂದವು, ಹುಳು ಹುಡುಕಿ ಹಕ್ಕಿಗಳು ಬಂದವು, ಕೊನೆಗೆ ಅಲ್ಲಿ ಹಸಿರು ಚಿಗುರಿತು. ಎಣ್ಣೆಯ ಅಂಶ ಬಹುಪಾಲು ಇಳಿದಿತ್ತು ಎಂದು ಸ್ಟ್ಯಾಮೆಟ್ಸ್ ಹೇಳುತ್ತಾರೆ.

ಹಾಗೆಂದು ಅಣಬೆ ಇದೆಯಲ್ಲ ಎಂದು ನಾವು ನಿಶ್ಚಿಂತರಾಗುವಂತಿಲ್ಲ. ಎಲ್ಲ ಮಣ್ಣಿನಲ್ಲೂ ಇದು ಇಷ್ಟು ಚೆನ್ನಾಗಿ ಫಲಿಸುವುದಿಲ್ಲ. ಹಳೆಯ ಎಂಜಿನ್ ಆಯಿಲ್‌ನಲ್ಲಿರುವ ಸೀಸದಂಥ ಲೋಹಗಳನ್ನು ಯಾವ ಅಣಬೆಯೂ ಕರಗಿಸಲಾರದು. ಅವು ಅಣಬೆಯೊಳಗೇ ಸೇರಬಹುದು. ಆದ್ದರಿಂದ ಎಣ್ಣೆ ಬಿದ್ದ ಜಾಗದ ಅಣಬೆಯನ್ನು ಎಂದೂ ತಿನ್ನಬೇಡಿ.

ಸತ್ತರಿ ತಾಲೂಕಿನ ಮೂಲಕ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವ ಲಾರಿಗಳನ್ನು ಓಡಿಸುವವರು, ಗ್ಯಾರೇಜಿನಲ್ಲಿ ದುಡಿಯುವವರು ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ. ತೆಗೆದ ಆಯಿಲನ್ನು ಹಿತ್ತಲಿಗೆ ಸುರಿದರೆ ಮಳೆನೀರಿನೊಡನೆ ಅದು ಬಾವಿ ಸೇರೀತು, ಮಾದೇಯಿ ನದಿಯನ್ನೂ ಸೇರೀತು. ನಾವೂ ನಮ್ಮ ಮಕ್ಕಳೂ ಕುಡಿಯುವುದು ಅದೇ ನೀರನ್ನು. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಪರವಾನಗಿ ಇರುವವರಿಗೆ ಒಪ್ಪಿಸೋಣ.

ವಿಭೂತಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ಬೂದಿ ಹಚ್ಚಿ, ನಾವು ಮಣ್ಣೆಂಬುದನ್ನು ನೆನಪಿಸುತ್ತಾರೆ. ಆ ಮಣ್ಣಿನ ಗಾಯ ಮಾಯಿಸಲು ದೇವರು ಇಷ್ಟು ಸಣ್ಣ ಜೀವಿಯನ್ನೂ ನೇಮಿಸಿದ್ದಾರೆ. ಗಾಯ ಮಾಡದಿರುವ ಹೊಣೆಯನ್ನು ಮಾತ್ರ ನಮಗೇ ಬಿಟ್ಟಿದ್ದಾರೆ.